ಎಂಜಿನ್‌ಗೆ ತಕ್ಕ ಚಾಸಿ: ಗೋ-ಕಾರ್ಟಿನ ಎಪ್ಪತ್ತು ವರ್ಷ

1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಎಂಬ ಕುಶಲಕರ್ಮಿ ಬಿಡುವಿನ ವೇಳೆಯಲ್ಲಿ ಒಂದಷ್ಟು ಉಕ್ಕಿನ ಕೊಳವೆಗಳನ್ನು ಬಗ್ಗಿಸಿ, ಬೆಸುಗೆ ಹಾಕಿ, ನೆಲಕ್ಕೆ ಅಂಟಿಕೊಂಡಂತಿರುವ ಪುಟ್ಟ ಗಾಡಿಯೊಂದನ್ನು ಮಾಡಿದ. ಅದಕ್ಕೆ ಮೇಲ್ಮೈ ಇರಲಿಲ್ಲ, ಬಾಗಿಲಿರಲಿಲ್ಲ, ಸ್ಪ್ರಿಂಗಿನಂಥ ಸಸ್ಪೆನ್ಷನ್ನೂ ಇರಲಿಲ್ಲ. ಹಿಂಭಾಗದಲ್ಲಿ ಹುಲ್ಲು ಕತ್ತರಿಸುವ ಯಂತ್ರಗಳಿಗೆಂದು ತಯಾರಾಗಿ, ಬಿಕರಿಯಾಗದೆ ಉಳಿದಿದ್ದ ವೆಸ್ಟ್ ಬೆಂಡ್ ಕಂಪನಿಯ ಟೂ-ಸ್ಟ್ರೋಕ್ ಎಂಜಿನ್. ಅದರ ಶಕ್ತಿ ಸುಮಾರು ಎರಡೂವರೆ ಅಶ್ವಶಕ್ತಿ. ಎಂಜಿನ್ ಕೆಲಸಕ್ಕೆ ನೆರವಾದವನು ಗೆಳೆಯ ಲೂ ಬೊರೆಲಿ. ಇವತ್ತು ಜಗತ್ತು ಗೋ-ಕಾರ್ಟ್ ಎಂದು ಕರೆಯುವ ವಾಹನದ ಮೊದಲ ರೂಪ ಇದು.

ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಆ ಎಂಜಿನ್ನಿನ ಬಗ್ಗೆ ಮಾತಾಡುತ್ತಾರೆ. ಹುಲ್ಲು ಕತ್ತರಿಸುವ ಎಂಜಿನ್ ರೇಸಿಗಿಳಿಯಿತು ಎನ್ನುವುದರಲ್ಲಿ ಒಂದು ತಮಾಷೆಯೂ ಇದೆ. ಆದರೆ ಇಂಗೆಲ್ಸ್ ಎಲ್ಲಿ ಕೆಲಸ ಮಾಡುತ್ತಿದ್ದ ಎಂಬುದು ಅದಕ್ಕಿಂತ ಮುಖ್ಯ. ಅವನಿದ್ದದ್ದು ಕರ್ಟಿಸ್ ಕ್ರಾಫ್ಟ್ ಎಂಬ ರೇಸಿಂಗ್ ಕಾರು ತಯಾರಿಕಾ ಸಂಸ್ಥೆಯಲ್ಲಿ. ಫ್ರಾಂಕ್ ಕರ್ಟಿಸ್ ಕಟ್ಟಿದ ಆ ಸಂಸ್ಥೆಯ ಕಾರುಗಳು 1950ರ ದಶಕದ ಮೊದಲರ್ಧದಲ್ಲಿ ಇಂಡಿಯಾನಾಪೊಲಿಸ್ 500 ರೇಸನ್ನು ಮತ್ತೆ ಮತ್ತೆ ಗೆದ್ದಿದ್ದವು. ಅಲ್ಲಿ ಎಂಜಿನ್ ಹೊರಗಿನಿಂದ ಬರುತ್ತಿತ್ತು. ಆ ಎಂಜಿನ್ನಿನ ಬಲವನ್ನು ಹಿಡಿದು, ತಿರುವಿನಲ್ಲಿ ದಾರಿ ತಪ್ಪದಂತೆ ನೆಲಕ್ಕೆ ದಾಟಿಸುವ ಚೌಕಟ್ಟು ಕಟ್ಟುವುದು ಸಂಸ್ಥೆಯ ಕಸುಬು. ಅಂದರೆ ಮೊದಲ ಕಾರ್ಟನ್ನು ಕಟ್ಟಿದವನು ಎಂಜಿನ್ ಮನುಷ್ಯನಲ್ಲ, ಚಾಸಿ ಮನುಷ್ಯ. ಎರಡೂವರೆ ಅಶ್ವಶಕ್ತಿಗೆ, ಒಬ್ಬ ವಯಸ್ಕನ ತೂಕಕ್ಕೆ, ವಾಹನ ನಿಲ್ಲಿಸುವ ಸಪಾಟು ಬಯಲಿಗೆ ಎಷ್ಟು ಬೇಕೋ ಅಷ್ಟೇ ಚೌಕಟ್ಟು ಅವನು ಕಟ್ಟಿದ್ದು.

ಅಲ್ಲಿಂದೀಚೆಗಿನ ಕಾರ್ಟಿನ ಚರಿತ್ರೆಯನ್ನು ಒಂದು ವಾಕ್ಯದಲ್ಲಿ ಹೇಳುವುದಾದರೆ ಹೀಗೆ: ಪ್ರತಿ ಸಲವೂ ಯಾರೋ ಒಬ್ಬರು ಇನ್ನೂ ದೊಡ್ಡ ಎಂಜಿನ್ ತಂದು ಕೂರಿಸಿದರು, ಪ್ರತಿ ಸಲವೂ ಚೌಕಟ್ಟು ತನ್ನ ಮಿತಿಯನ್ನು ತೋರಿಸಿತು, ಆ ಮಿತಿಯಿಂದ ಹೊಸ ಚೌಕಟ್ಟು ಹುಟ್ಟಿತು.

ಒಂದು ಪದ, ಒಂದು ಪಾರ್ಕಿಂಗ್ ಬಯಲು

ಇಂಗೆಲ್ಸನ ಗಾಡಿಯನ್ನು ಅದೇ ವರ್ಷ ಪೊಮೋನಾದ ಕಾರ್ ರೇಸಿನಲ್ಲಿ ಜನ ನೋಡಿದರು. ನೋಡಿದವರಲ್ಲಿ ಡಫಿ ಲಿವಿಂಗ್‌ಸ್ಟನ್ ಒಬ್ಬ. ಅವನೂ ಅವನ ಪಾಲುದಾರ ರಾಯ್ ಡೆಸ್‌ಬ್ರೋ ಕಾರುಗಳ ಮಫ್ಲರ್ ಅಂಗಡಿ ನಡೆಸುತ್ತಿದ್ದರು. ಕೊಳವೆ ಬಗ್ಗಿಸುವ ಯಂತ್ರ ಅವರ ಬಳಿ ಮೊದಲೇ ಇತ್ತು, ಕೈಗೆ ಅಭ್ಯಾಸವೂ ಇತ್ತು. ಕೆಲವೇ ಕಾಲದಲ್ಲಿ ಪಾಸಡೀನಾದ ರೋಸ್ ಬೌಲ್ ಕ್ರೀಡಾಂಗಣದ ಪಾರ್ಕಿಂಗ್ ಬಯಲಿನಲ್ಲಿ ಭಾನುವಾರಗಳಂದು ಇಂಥ ಗಾಡಿಗಳು ಗಿರಕಿ ಹೊಡೆಯತೊಡಗಿದವು. ಉಳಿದುಹೋದ ವೆಸ್ಟ್ ಬೆಂಡ್ ಎಂಜಿನ್‌ಗಳ ದಾಸ್ತಾನನ್ನು ಬಲ್ಲ ಬಿಲ್ ರೋಲ್ಸ್ ಜೊತೆಗೂಡಿದ. 1958ರ ಹೊತ್ತಿಗೆ ಈ ಮೂವರ 'ಗೋ ಕಾರ್ಟ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ' ಅಝೂಸಾ ಎಂಬ ಊರಿನಲ್ಲಿ ಕಾರ್ಟುಗಳನ್ನು ಮಾರಾಟಕ್ಕೆ ತಯಾರಿಸುತ್ತಿತ್ತು. ಗಿರಾಕಿ 129 ಡಾಲರ್ ಕೊಟ್ಟರೆ ಬಿಡಿಭಾಗಗಳ ಕಿಟ್ ಮನೆಗೆ ಬರುತ್ತಿತ್ತು. ಇಂಗೆಲ್ಸ್ ಮತ್ತು ಬೊರೆಲಿ ತಮ್ಮದೇ ಕಂಪನಿ ತೆರೆದು 'ಕರೆಟ್ಟಾ' ಎಂಬ ಹೆಸರಿನ ಕಾರ್ಟ್ ಮಾರಿದರು.

ಹೆಸರಿನ ವಿಷಯವೂ ಸ್ವಾರಸ್ಯದ್ದು. ಗಾಡಿ ಎಂಬ ಅರ್ಥದ ಇಂಗ್ಲಿಷ್ ಪದದ ಮೊದಲ ಅಕ್ಷರವನ್ನು ಬೇಕೆಂದೇ ಬದಲಿಸಿ 'ಗೋ ಕಾರ್ಟ್' ಎಂಬ ವ್ಯಾಪಾರಿ ಹೆಸರು ಟಂಕಿಸಿದವನು 'ರಾಡ್ ಅಂಡ್ ಕಸ್ಟಮ್' ಪತ್ರಿಕೆಯ ಲಿನ್ ವೈನ್‌ಲ್ಯಾಂಡ್. ಇಂಗ್ಲಿಷಿನಲ್ಲಿ ಕಣ್ಣಿಗೆ ಮಾತ್ರ ಕಾಣುವ ಆ ವ್ಯತ್ಯಾಸ ಕನ್ನಡ ಲಿಪಿಗೆ ಬಂದ ಕೂಡಲೇ ಅಳಿಸಿಹೋಗುತ್ತದೆ. ಎತ್ತಿನ ಗಾಡಿಯೂ ಕಾರ್ಟೇ, ಇದೂ ಕಾರ್ಟೇ. ನಮ್ಮ ಗ್ಯಾರೇಜುಗಳಲ್ಲಿ ಬಳಕೆಯಲ್ಲಿರುವ 'ಚಾಸಿ' ಫ್ರೆಂಚಿನಿಂದ ಇಂಗ್ಲಿಷಿಗೆ ಬಂದು, ಅಲ್ಲಿಂದ ನಮ್ಮ ಮೆಕ್ಯಾನಿಕ್ಕುಗಳ ಬಾಯಿಗೆ ಬಂದ ಪದ. ಫ್ರೆಂಚಿನಲ್ಲಿ ಅದಕ್ಕೆ ಕಿಟಕಿಯ ಚೌಕಟ್ಟು ಎಂಬ ಅರ್ಥವೂ ಇದೆ. ಗಾಜನ್ನು ಹಿಡಿದಿಟ್ಟುಕೊಳ್ಳುವ ಕಟ್ಟು ಮತ್ತು ಎಂಜಿನ್ನನ್ನು ಹಿಡಿದಿಟ್ಟುಕೊಳ್ಳುವ ಕಟ್ಟು ಎರಡಕ್ಕೂ ಒಂದೇ ಹೆಸರು. ಆದರೆ ಕಿಟಕಿಯ ಕಟ್ಟು ಅಲುಗಾಡಬಾರದು. ಕಾರ್ಟಿನ ಕಟ್ಟು ಅಲುಗಾಡಲೇಬೇಕು. ದೊಡ್ಡ ಎಂಜಿನ್ ತಂದವರೆಲ್ಲ ಎಡವಿದ್ದು ಈ ವ್ಯತ್ಯಾಸದಲ್ಲಿ.

ಎತ್ತು ಏರಿಗೆ, ಕೋಣ ನೀರಿಗೆ

ಎರಡೂವರೆ ಅಶ್ವಶಕ್ತಿಯ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ರೇಸು ಎಂದಮೇಲೆ ಪಕ್ಕದವನಿಗಿಂತ ಒಂದು ಕೈ ಹೆಚ್ಚಿರಬೇಕು. ದೊಡ್ಡ ಎಂಜಿನ್ ಸಿಗದವರು ಕಂಡುಕೊಂಡ ಸುಲಭ ಉಪಾಯ, ಒಂದರ ಜಾಗದಲ್ಲಿ ಎರಡು ಇಡುವುದು. ಆರಂಭದ ಅನೇಕ ಕಾರ್ಟುಗಳಲ್ಲಿ ಎಂಜಿನ್ ಒಂದೇ ಹಿಂಚಕ್ರವನ್ನು ತಿರುಗಿಸುತ್ತಿತ್ತು. ಇನ್ನೊಂದು ಚಕ್ರ ತನ್ನಷ್ಟಕ್ಕೆ ಉರುಳುತ್ತಿತ್ತು. ಹಾಗಾಗಿ ಜೋಡಿ ಎಂಜಿನ್ನಿನ ಕಾರ್ಟಿನಲ್ಲಿ ಎಡ ಎಂಜಿನ್ ಎಡ ಚಕ್ರಕ್ಕೆ, ಬಲ ಎಂಜಿನ್ ಬಲ ಚಕ್ರಕ್ಕೆ ಎಂದು ಹಂಚುವುದು ಸಹಜವಾಗಿ ಕಂಡಿತು.

ಎರಡೂ ಒಂದೇ ಲಯದಲ್ಲಿ ಓಡುವವರೆಗೆ ತೊಂದರೆಯಿಲ್ಲ. ಒಂದು ಎಂಜಿನ್ ಕೆಮ್ಮಿದರೆ, ಒಂದರ ಕಾರ್ಬುರೇಟರ್ ತುಸು ಹಿಂದೆ ಬಿದ್ದರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಗಾದೆಯನ್ನು ಯಂತ್ರದಲ್ಲಿ ಕಾಣಬೇಕಾದರೆ ಆ ಕಾಲದ ಜೋಡಿ ಎಂಜಿನ್ ಕಾರ್ಟನ್ನು ನೋಡಬೇಕು. ಶಕ್ತಿ ಇಮ್ಮಡಿಯಾಗಿತ್ತು. ಆ ಶಕ್ತಿಯನ್ನು ಒಂದು ದಿಕ್ಕಿಗೆ ಕಟ್ಟಿಹಾಕುವ ಚೌಕಟ್ಟು ಮಾತ್ರ ಹಳೆಯದೇ.

1959ರಲ್ಲಿ ಚೈನ್‌ಸಾ ತಯಾರಿಸುತ್ತಿದ್ದ ಮೆಕಲಕ್ ಕಂಪನಿ ಕಾರ್ಟುಗಳಿಗೆಂದೇ ಎಂಜಿನ್ ಮಾರಾಟಕ್ಕೆ ತಂದಿತು. ಎಂಸಿ-10 ಎಂಬ ಆ ಎಂಜಿನ್ ಮೂಲತಃ ಮರ ಕೊಯ್ಯುವ ಗರಗಸದ ಎಂಜಿನ್ನೇ. ಈ ಕಂಪನಿಯ ಒಡೆಯ ರಾಬರ್ಟ್ ಮೆಕಲಕ್ ಮುಂದೆ 1968ರಲ್ಲಿ ಲಂಡನ್ನಿನ ಹಳೆಯ ಸೇತುವೆಯನ್ನೇ ಕೊಂಡು, ಕಲ್ಲು ಕಲ್ಲಾಗಿ ಬಿಚ್ಚಿಸಿ ಅಮೆರಿಕದ ಅರಿಝೋನಾಕ್ಕೆ ಸಾಗಿಸಿ ಸುದ್ದಿಯಾದವನು. ಚೈನ್‌ಸಾದ ಎಂಜಿನ್ ಹಗುರ, ಚುರುಕು, ವೇಗವಾಗಿ ತಿರುಗುವ ಜಾತಿ. ಹುಲ್ಲು ಕತ್ತರಿಸುವ ಎಂಜಿನ್ನಿಗೆ ಅಳೆದು ಮಾಡಿದ ಗಾಡಿಗೆ ಮರ ಕೊಯ್ಯುವ ಎಂಜಿನ್ ಬಂದಾಗ ಪ್ರಶ್ನೆ ಬದಲಾಯಿತು. 'ಗಾಡಿ ಓಡುತ್ತದೆಯೇ?' ಎನ್ನುವುದು ಹಳೆಯ ಪ್ರಶ್ನೆ. 'ಗಾಡಿ ತಿರುಗುತ್ತದೆಯೇ, ನಿಲ್ಲುತ್ತದೆಯೇ?' ಎನ್ನುವುದು ಹೊಸತು.

ಮೂರು ಕಾಲಿನ ಮೇಲೆ ಓಡುವ ಗಾಡಿ

ಎರಡು ಹಿಂಚಕ್ರಗಳನ್ನೂ ಒಂದೇ ಗಟ್ಟಿ ಅಚ್ಚಿಗೆ ಜೋಡಿಸಿ, ಅಚ್ಚನ್ನೇ ತಿರುಗಿಸುವುದು ಹೆಚ್ಚಿದ ಬಲವನ್ನು ನೆಲಕ್ಕೆ ಕೊಡುವ ದಾರಿಯಾಯಿತು. ಆದರೆ ಅದರ ಜೊತೆಗೇ ಒಂದು ತೊಡಕೂ ಬಂತು. ಗಾಡಿ ತಿರುಗುವಾಗ ಹೊರಗಿನ ಚಕ್ರ ಹೆಚ್ಚು ದೂರ ಉರುಳಬೇಕು, ಒಳಗಿನದು ಕಡಿಮೆ. ಕಾರುಗಳಲ್ಲಿ ಈ ವ್ಯತ್ಯಾಸವನ್ನು ಸರಿದೂಗಿಸಲು ಡಿಫರೆನ್ಷಿಯಲ್ ಎಂಬ ಗಿಯರುಗಳ ಗೂಡು ಇರುತ್ತದೆ. ಕಾರ್ಟಿನಲ್ಲಿ ಅದಿಲ್ಲ. ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗಿದರೆ ಗಾಡಿ ನೇರವಾಗಿ ಹೋಗಲು ಹಟ ಹಿಡಿಯುತ್ತದೆ. ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಮೂತಿ ಹೊರಕ್ಕೇ ಜಾರುತ್ತದೆ.

ಇದಕ್ಕೆ ಕಾರ್ಟ್ ಕಟ್ಟುವವರು ಕಂಡುಕೊಂಡ ಪರಿಹಾರ ಸರಳ: ತಿರುವಿನಲ್ಲಿ ಒಳಗಿನ ಹಿಂಚಕ್ರವನ್ನು ನೆಲದಿಂದ ಎತ್ತಿಬಿಡುವುದು. ಮುಂಚಕ್ರಗಳು ತಿರುಗುವ ಊರುಗಂಬಿಗಳನ್ನು ತುಸು ಹಿಂದಕ್ಕೆ ಓರೆ ಮಾಡಿದರೆ, ಸ್ಟಿಯರಿಂಗ್ ತಿರುಗಿಸಿದಾಗ ಒಳಗಿನ ಮುಂಚಕ್ರ ಚೌಕಟ್ಟಿಗಿಂತ ಕೆಳಕ್ಕಿಳಿಯುತ್ತದೆ, ಹೊರಗಿನದು ಮೇಲೇರುತ್ತದೆ. ಒಳಮೂಲೆಯ ಮುಂಭಾಗ ಎದ್ದಾಗ, ಭಾರವೆಲ್ಲ ಒಳಗಿನ ಮುಂಚಕ್ರ ಮತ್ತು ಹೊರಗಿನ ಹಿಂಚಕ್ರಗಳ ನಡುವಿನ ಕರ್ಣದ ಮೇಲೆ ಬೀಳುತ್ತದೆ. ಒಳಗಿನ ಹಿಂಚಕ್ರ ಒಂದೆರಡು ಕೂದಲೆಳೆಯಷ್ಟಾದರೂ ಮೇಲೆದ್ದು ಹಗುರಾಗುತ್ತದೆ. ಗಾಡಿ ಮೂರು ಚಕ್ರದ ಮೇಲೆ ತಿರುವು ದಾಟುತ್ತದೆ. ತಿರುವು ಮುಗಿಯುತ್ತಿದ್ದಂತೆ ನಾಲ್ಕನೆಯದು ನೆಲಕ್ಕಿಳಿದು ಮತ್ತೆ ಎಳೆಯತೊಡಗುತ್ತದೆ.

ಈ ಏಳು-ಬೀಳನ್ನು ನಡೆಸಿಕೊಡುವುದು ಚೌಕಟ್ಟು. ಸಸ್ಪೆನ್ಷನ್ ಇಲ್ಲದ ಗಾಡಿಯಲ್ಲಿ ಕೊಳವೆಗಳ ತಿರುಚುವಿಕೆಯೇ ಸಸ್ಪೆನ್ಷನ್. ಬಟ್ಟೆ ಹಿಂಡಿದಂತೆ ಚೌಕಟ್ಟು ಒಂದು ಕಡೆಗೆ ತಿರುಚಿ, ಬಿಟ್ಟಾಗ ತನ್ನ ಆಕಾರಕ್ಕೆ ಮರಳಬೇಕು. ಅತಿ ಗಟ್ಟಿಯಾದ ಚೌಕಟ್ಟು ಚಕ್ರವನ್ನು ಗಕ್ಕನೆ ಎತ್ತಿ, ಧಡಕ್ಕನೆ ಇಳಿಸುತ್ತದೆ, ಗಾಡಿ ಕುಪ್ಪಳಿಸುತ್ತದೆ. ಅತಿ ಮೆದುವಾದದ್ದು ಚಕ್ರವನ್ನು ಎತ್ತುವುದೇ ಇಲ್ಲ. ಇಲ್ಲವೇ ತಡವಾಗಿ ಎತ್ತಿ, ತಡವಾಗಿ ಇಳಿಸುತ್ತದೆ.

ಇಲ್ಲಿಗೆ ದೊಡ್ಡ ಎಂಜಿನ್ ಬಂದರೆ ಏನಾಗುತ್ತದೆ ಎನ್ನುವುದನ್ನು ನೋಡಬಹುದು. ಮೊದಲನೆಯದು, ಬಲ ಹೆಚ್ಚಿದಷ್ಟೂ ತಿರುವಿನ ಕೊನೆಯಲ್ಲಿ ಎರಡೂ ಹಿಂಚಕ್ರ ಬೇಗ ನೆಲ ಮುಟ್ಟಬೇಕು. ಗಾಳಿಯಲ್ಲಿರುವ ಚಕ್ರಕ್ಕೆ ಎಷ್ಟು ಅಶ್ವಶಕ್ತಿ ಕೊಟ್ಟರೂ ವ್ಯರ್ಥ. ಎರಡನೆಯದು, ತೂಕ. ಸಾಮಾನ್ಯ ಕಾರ್ಟಿನಲ್ಲಿ ಎಂಜಿನ್ ಚಾಲಕನ ಬಲಕ್ಕಿರುತ್ತದೆ. ಬಲಕ್ಕೆ ತಿರುಗುವಾಗ ಎತ್ತಬೇಕಾದ ಚಕ್ರದ ಪಕ್ಕದಲ್ಲೇ ಎಂಜಿನ್ನಿನ ಭಾರ ಕೂತಿರುತ್ತದೆ. ಎಡಕ್ಕೆ ತಿರುಗುವಾಗ ಅದು ಹೊರಗಿನ ಚಕ್ರದ ಮೇಲೆ. ಹೀಗಾಗಿ ಭಾರದ ಎಂಜಿನ್ ಕೂರಿಸಿದ ಗಾಡಿ ಎಡ ತಿರುವಿನಲ್ಲಿ ಒಂದು ಥರ, ಬಲ ತಿರುವಿನಲ್ಲಿ ಇನ್ನೊಂದು ಥರ ವರ್ತಿಸುತ್ತದೆ. ಮೂರನೆಯದು ಚೈನಿನ ಎಳೆತ. ಚೈನ್ ಎಂಜಿನ್ನನ್ನು ಹಿಂದಕ್ಕೂ ಅಚ್ಚನ್ನು ಮುಂದಕ್ಕೂ ಎಳೆಯುತ್ತದೆ. ಆ ಜಗ್ಗಾಟವನ್ನು ತಡೆಯುವುದು ನಡುವಿನ ಕೊಳವೆಗಳು. ಎಂಜಿನ್ ಕೂತ ಜಾಗ ಒಂದಿಷ್ಟು ಓರೆಯಾದರೂ ಚೈನ್ ಕಳಚಿಕೊಳ್ಳುತ್ತದೆ, ಇಲ್ಲವೇ ಹರಿಯುತ್ತದೆ. ಬಲದ ಎಂಜಿನ್ನಿನ ಕಾರ್ಟುಗಳಲ್ಲಿ ಹಿಂದಿನ ಅಚ್ಚನ್ನು ಎರಡರ ಬದಲು ಮೂರು ಬೇರಿಂಗುಗಳಲ್ಲಿ ಹಿಡಿದಿರುವುದಕ್ಕೆ ಇದೇ ಕಾರಣ.

ಬೆನ್ನ ಹಿಂದಿನಿಂದ ಪಕ್ಕಕ್ಕೆ

ಆರಂಭದ ಕಾರ್ಟುಗಳಲ್ಲಿ ಎಂಜಿನ್ ಚಾಲಕನ ಬೆನ್ನ ಹಿಂದೆ, ಗಾಡಿಯ ಬಾಲದ ಕಡೆಗೆ ಇರುತ್ತಿತ್ತು. ಸಣ್ಣ ಎಂಜಿನ್ನಿಗೆ ಅದು ಸರಿಯಾಗಿಯೇ ಇತ್ತು. ಎಂಜಿನ್ ಬೆಳೆದಂತೆ, ಅದರಲ್ಲೂ ಜೋಡಿಯಾದಂತೆ, ಹಿಂಭಾಗ ಅತಿ ಭಾರವಾಗಿ ಮುಂಚಕ್ರಗಳ ಹಿಡಿತ ಸಡಿಲಾಯಿತು. ಎತ್ತಿನ ಗಾಡಿಗೆ ಹಿಂದೆ ಹೆಚ್ಚು ಹೇರಿದರೆ ನೊಗ ಮೇಲೇಳುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

1960ರ ದಶಕದಲ್ಲಿ ಎಂಜಿನ್ ಚಾಲಕನ ಪಕ್ಕಕ್ಕೆ ಸರಿಯಿತು. ಖಾಲಿಯಾದ ಹಿಂಭಾಗಕ್ಕೆ ಆಸನ ಹಿಂದೆ ಸರಿಯಿತು. 'ಸೈಡ್‌ವೈಂಡರ್' ಎಂದು ಕರೆದ ಈ ವಿನ್ಯಾಸದಲ್ಲಿ ಎಂಜಿನ್ನಿನ ಭಾರ ಹಿಂದಿನ ಅಚ್ಚಿನ ಮುಂದೆ, ಎರಡು ಅಚ್ಚುಗಳ ನಡುವೆ ಬಂತು. ಇಂದಿನ ರೇಸ್ ಕಾರ್ಟುಗಳಲ್ಲಿ ಮುಂಚಕ್ರಗಳ ಮೇಲೆ ಒಟ್ಟು ಭಾರದ ಸುಮಾರು ಶೇ. 43, ಹಿಂದೆ ಸುಮಾರು ಶೇ. 57 ಇರುವಂತೆ ಆಸನವನ್ನು ಕೂರಿಸುವುದು ವಾಡಿಕೆ. ಕಾರ್ಟಿನಲ್ಲಿ ಅತಿ ಭಾರದ 'ಬಿಡಿಭಾಗ' ಎಂಜಿನ್ ಅಲ್ಲ, ಚಾಲಕ. ಆದ್ದರಿಂದ ಎಂಜಿನ್ನಿನ ಜಾಗ ಬದಲಾದರೆ ಮನುಷ್ಯನ ಜಾಗವೂ ಬದಲಾಗಬೇಕು. ಆಸನವನ್ನು ಚೌಕಟ್ಟಿಗೆ ಬಿಗಿಯುವ ಕಂಬಿಗಳು ಕೂಡ ಚೌಕಟ್ಟಿನ ಬಿಗಿತದ ಒಂದು ಪಾಲು. ಚಾಲಕನ ದೇಹವೇ ತಿರುಚುವಿಕೆಯ ಲೆಕ್ಕದೊಳಗೆ ಸೇರಿರುತ್ತದೆ.

ಅಷ್ಟರಲ್ಲಿ ಈ ಕಸುಬಿನ ಕೇಂದ್ರ ಅಮೆರಿಕದಿಂದ ಇಟಲಿಗೆ ಸರಿಯುತ್ತಿತ್ತು. ಬ್ರೆಷಿಯಾ ಸೀಮೆಯಲ್ಲಿ ಆಂಟೋನಿಯೊ ಬೋಸಿಯೊ 1958ರಲ್ಲಿ 'ಟೋನಿ ಕಾರ್ಟ್' ಆರಂಭಿಸಿದ. ಮರುವರ್ಷ ಉಂಬರ್ಟೊ ಸಾಲಾ 'ಬಿರೆಲ್' ಕಟ್ಟಿದ. ಕ್ಯಾಲಿಫೋರ್ನಿಯಾದ ಮೊದಲ ಉಬ್ಬರ ಇಳಿದು, ಗೋ ಕಾರ್ಟ್ ಕಂಪನಿಯೂ ಹತ್ತಾರು ಸಣ್ಣ ತಯಾರಕರೂ ಮರೆಯಾದ ಮೇಲೂ ಈ ಇಟಾಲಿಯನ್ ಹೆಸರುಗಳು ಉಳಿದವು. ಕಾಲ ಕಳೆದಂತೆ ಎಂಜಿನ್ ಒಬ್ಬರದು, ಚೌಕಟ್ಟು ಇನ್ನೊಬ್ಬರದು ಎಂಬ ಹಂಚಿಕೆ ಗಟ್ಟಿಯಾಯಿತು. 1962ರಲ್ಲಿ ಅಂತರರಾಷ್ಟ್ರೀಯ ಕಾರ್ಟಿಂಗ್ ಆಯೋಗ ಹುಟ್ಟಿದ ನಂತರ ಎಂಜಿನ್ನಿನ ಗಾತ್ರದ ಜೊತೆಗೆ ಚೌಕಟ್ಟಿನ ಅಳತೆಗಳೂ ನಿಯಮಕ್ಕೆ ಒಳಪಟ್ಟವು.

ನಿಲ್ಲಿಸುವ ಲೆಕ್ಕ

ಬ್ರಿಟನ್ನಿಗೆ ಕಾರ್ಟ್ ಬಂದದ್ದು 1950ರ ದಶಕದ ಕೊನೆಗೆ, ಅಲ್ಲಿದ್ದ ಅಮೆರಿಕನ್ ವಾಯುನೆಲೆಗಳ ಸೈನಿಕರ ಮೂಲಕ. ಬ್ರಿಟಿಷರ ಬಳಿ ಚೈನ್‌ಸಾಗಿಂತ ಹೆಚ್ಚಾಗಿ ಇದ್ದದ್ದು ಮೋಟರ್‌ಸೈಕಲ್ ಎಂಜಿನ್‌ಗಳು. ವಿಲಿಯರ್ಸ್ ಕಂಪನಿಯ 197 ಸಿಸಿ ಎಂಜಿನ್ ಗಿಯರ್‌ಬಾಕ್ಸ್ ಸಮೇತ ಕಾರ್ಟಿಗೆ ಬಂತು. ಹಳೆಯ ಕಾರ್ಟಿಗಿಂತ ಎರಡು ಪಟ್ಟು ದೊಡ್ಡ ಎಂಜಿನ್, ಜೊತೆಗೆ ಗಿಯರ್‌ಬಾಕ್ಸಿನ ತೂಕ, ವಿಮಾನ ನೆಲೆಗಳ ಉದ್ದನೆಯ ರನ್‌ವೇ. ವೇಗ ಏರಿತು. ಆಗ ಮುನ್ನೆಲೆಗೆ ಬಂದದ್ದು ಬ್ರೇಕು.

ಇಲ್ಲಿ ಲೆಕ್ಕ ನಿಷ್ಠುರ. ಚಲನೆಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 50 ಕಿಲೋಮೀಟರಿನಲ್ಲಿ ಹೋಗುವ ಗಾಡಿಯನ್ನು ನಿಲ್ಲಿಸಲು ಬ್ರೇಕು ನುಂಗಬೇಕಾದ ಶಕ್ತಿಗಿಂತ 100ರಲ್ಲಿ ನಾಲ್ಕು ಪಟ್ಟು, 150ರಲ್ಲಿ ಒಂಬತ್ತು ಪಟ್ಟು ಬೇಕು. ಸಣ್ಣ ಕಾರ್ಟಿನಲ್ಲಿ ಹಿಂದಿನ ಅಚ್ಚಿಗೆ ಒಂದೇ ಬ್ರೇಕು ಸಾಕು. ಆದರೆ ಬ್ರೇಕು ಹಾಕಿದಾಗ ಭಾರ ಮುಂದಕ್ಕೆ ಸರಿಯುತ್ತದೆ, ಹಿಂಚಕ್ರಗಳು ಹಗುರಾಗುತ್ತವೆ. ಗಟ್ಟಿ ಅಚ್ಚಿನ ಬ್ರೇಕು ಬಿಗಿದರೆ ಎರಡೂ ಹಿಂಚಕ್ರ ಒಟ್ಟಿಗೇ ಸ್ತಬ್ಧವಾಗಿ ಗಾಡಿ ಬುಗುರಿಯಂತೆ ತಿರುಗುತ್ತದೆ. ಇಂದು ಗಿಯರ್‌ಬಾಕ್ಸ್ ಇರುವ 125 ಸಿಸಿ ಕಾರ್ಟುಗಳಲ್ಲಿ ಮುಂಚಕ್ರಗಳಿಗೂ ಬ್ರೇಕು ಕಡ್ಡಾಯ. ಮುಂಚಕ್ರಕ್ಕೆ ಬ್ರೇಕು ಬಂದರೆ ಚೌಕಟ್ಟಿನ ಮುಂಭಾಗ ಹೊಸ ಹೊರೆ ಹೊರಬೇಕು. ಆ ಹೊರೆಗೆಂದು ಕಟ್ಟದ ಹಳೆಯ ಚೌಕಟ್ಟಿಗೆ ಮುಂದೆ ಎರಡು ಡಿಸ್ಕ್ ಬೋಲ್ಟ್ ಮಾಡಿದರೆ ಆಗುವ ಕೆಲಸ ಅಲ್ಲ ಇದು.

ಈ ದಾರಿಯ ತುದಿಯಲ್ಲಿ ಸೂಪರ್‌ಕಾರ್ಟ್ ನಿಂತಿದೆ: 250 ಸಿಸಿ ಎಂಜಿನ್, ಸುಮಾರು 100 ಅಶ್ವಶಕ್ತಿ, ಚಾಲಕನೂ ಸೇರಿ 200 ಕಿಲೋ ಚಿಲ್ಲರೆ ತೂಕ. ಅದರ ಚಾಲಕ ಹೆಚ್ಚುಕಡಿಮೆ ಮಲಗಿಕೊಂಡೇ ಓಡಿಸುತ್ತಾನೆ. ಚಕ್ರಗಳು ದೊಡ್ಡವು, ಗಾಳಿಯನ್ನು ಸೀಳಲು ಹೊದಿಕೆ, ಹಿಂಭಾಗವನ್ನು ನೆಲಕ್ಕೆ ಒತ್ತಲು ರೆಕ್ಕೆ. ಇಂಗೆಲ್ಸನ ಪಾರ್ಕಿಂಗ್ ಬಯಲಿನ ಗಾಡಿಗೂ ಇದಕ್ಕೂ ಉಳಿದ ನಂಟು ಎರಡೇ: ಸಸ್ಪೆನ್ಷನ್ ಇಲ್ಲದ ಕೊಳವೆಯ ಚೌಕಟ್ಟು, ಡಿಫರೆನ್ಷಿಯಲ್ ಇಲ್ಲದ ಹಿಂಭಾಗ. ನೂರು ಅಶ್ವಶಕ್ತಿಯನ್ನು ಕಾರ್ಟಿನ ಮೇಲೆ ಕೂರಿಸಬಹುದೇ ಎಂದರೆ ಕೂರಿಸಬಹುದು. ಆದರೆ ಅದಕ್ಕಾಗಿ ಕಾರ್ಟಿನ ಉಳಿದೆಲ್ಲವನ್ನೂ ಮತ್ತೆ ಕಟ್ಟಬೇಕಾಯಿತು.

ಕೆರ್ಪೆನ್‌ನ ದೀಪದ ಕಂಬ

ತಕ್ಕ ಚೌಕಟ್ಟಿಲ್ಲದ ಎಂಜಿನ್ನಿನ ಅತ್ಯಂತ ಪ್ರಸಿದ್ಧ ಉದಾಹರಣೆ ಬಹುಶಃ ಜರ್ಮನಿಯದು. ಮೈಕೆಲ್ ಶೂಮಾಕರ್‌ಗೆ ನಾಲ್ಕು ವರ್ಷವಾಗಿದ್ದಾಗ ತಂದೆ ರೋಲ್ಫ್ ಅವನ ಪೆಡಲ್ ಗಾಡಿಗೆ ಪುಟ್ಟ ಮೋಟರ್‌ಸೈಕಲ್ ಎಂಜಿನ್ ಕೂರಿಸಿದ. ಮಗು ಕಾಲಿನಿಂದ ತುಳಿಯುವ ವೇಗಕ್ಕೆ ಮಾಡಿದ ಗಾಡಿ ಅದು. ಅದು ಹೋಗಿ ಕೆರ್ಪೆನ್ ಊರಿನ ದೀಪದ ಕಂಬಕ್ಕೆ ಬಡಿಯಿತು. ಆಮೇಲೆ ತಂದೆ-ತಾಯಿ ಮಾಡಿದ್ದು ವಿವೇಕದ ಕೆಲಸ: ಎಂಜಿನ್ ಕಿತ್ತು ಹಾಕಲಿಲ್ಲ, ಮಗುವನ್ನು ಕಾರ್ಟ್ ಟ್ರ್ಯಾಕಿಗೆ ಕರೆದೊಯ್ದರು. ಮುಂದೆ ರೋಲ್ಫ್ ಬೇರೆಯವರು ಬಿಸಾಡಿದ ಬಿಡಿಭಾಗಗಳಿಂದ ನಿಜವಾದ ಕಾರ್ಟನ್ನೇ ಕಟ್ಟಿಕೊಟ್ಟ. ಆರನೆಯ ವಯಸ್ಸಿಗೆ ಮಗ ಕ್ಲಬ್ಬಿನ ಚಾಂಪಿಯನ್.

ಅದಕ್ಕೂ ಸುಮಾರು ಒಂದು ದಶಕ ಮೊದಲು, ಬ್ರೆಜಿಲ್ಲಿನ ಸಾವ್ ಪಾವ್ಲೊದಲ್ಲಿ ಮಿಲ್ಟನ್ ಎಂಬ ತಂದೆ ನಾಲ್ಕು ವರ್ಷದ ಮಗನಿಗೆ ಹುಲ್ಲು ಕತ್ತರಿಸುವ ಯಂತ್ರದ 1 ಅಶ್ವಶಕ್ತಿಯ ಎಂಜಿನ್ ಹಾಕಿ ಗಾಡಿ ಮಾಡಿಕೊಟ್ಟಿದ್ದ. ಆ ಮಗ ಐರ್ಟನ್ ಸೆನ್ನಾ. ಎರಡೂ ಕಡೆ ಆಸೆ ಒಂದೇ. ಎಂಜಿನ್ ಮಗುವಿನ ಅಳತೆಗೆ ಇದ್ದ ಕಡೆ ಅದು ಆಟವಾಯಿತು. ಅಳತೆ ಮೀರಿದ ಕಡೆ ದೀಪದ ಕಂಬ ಅಡ್ಡ ಬಂತು.

ರೇಸ್ ಕಾರ್ಟುಗಳಲ್ಲಿ ಸೀಟ್‌ಬೆಲ್ಟ್ ಇರುವುದಿಲ್ಲ ಎನ್ನುವುದನ್ನು ಇಲ್ಲಿ ನೆನೆಯಬೇಕು. ತಲೆಯ ಮೇಲೆ ಕಾಯುವ ಕಂಬಿಯೇ ಇಲ್ಲದ ಗಾಡಿ ಮಗುಚಿದರೆ, ಅದರೊಂದಿಗೆ ಕಟ್ಟಿಹಾಕಿಕೊಂಡಿರುವುದಕ್ಕಿಂತ ಹೊರಕ್ಕೆ ಚಿಮ್ಮುವುದೇ ವಾಸಿ ಎನ್ನುವ ಲೆಕ್ಕಾಚಾರ ಅದು. ಚಾಲಕನಿಗೂ ಡಾಂಬರಿಗೂ ನಡುವೆ ಇರುವುದು ಕೆಲವೇ ಸೆಂಟಿಮೀಟರ್. ಆದ್ದರಿಂದ ಚೌಕಟ್ಟಿನ ಆಯ್ಕೆ ಇಲ್ಲಿ ಸೊಗಸಿನ ಮಾತಲ್ಲ, ಮೂಳೆ-ಮಾಂಸದ ಮಾತು.

ಗಟ್ಟಿ ಉಕ್ಕು ಎಂಬ ಭ್ರಮೆ

ದೊಡ್ಡ ಎಂಜಿನ್ ಕೈಗೆ ಬಂದ ಕೂಡಲೇ ಹುಟ್ಟುವ ಮೊದಲ ಆಲೋಚನೆ, ಚೌಕಟ್ಟನ್ನು ಇನ್ನಷ್ಟು ಗಟ್ಟಿ ಉಕ್ಕಿನಲ್ಲಿ ಮಾಡೋಣ ಎನ್ನುವುದು. ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆತ ಉಕ್ಕಿನ ಕೊಳವೆಗಳು ರೇಸ್ ಕಾರ್ಟುಗಳಲ್ಲಿ ಸಾಮಾನ್ಯ. ಆದರೆ ಇಲ್ಲಿ ಎರಡು ಗುಣಗಳು ಕಲಸಿಹೋಗುತ್ತವೆ. ಬಲ ಎಂದರೆ ಎಷ್ಟು ಬಗ್ಗಿಸಿದ ಮೇಲೆ ಕೊಳವೆ ಮುರಿಯುತ್ತದೆ ಅಥವಾ ಶಾಶ್ವತವಾಗಿ ಸೊಟ್ಟಗಾಗುತ್ತದೆ ಎಂಬುದು. ಬಿಗಿತ ಎಂದರೆ ಅಲ್ಲಿಯವರೆಗೆ ಅದು ಎಷ್ಟು ಬಗ್ಗುತ್ತದೆ ಎಂಬುದು. ದುಬಾರಿ ಉಕ್ಕು ಬಲದಲ್ಲಿ ಮುಂದು; ಬಿಗಿತದಲ್ಲಿ ಎಲ್ಲ ಉಕ್ಕುಗಳೂ ಹೆಚ್ಚುಕಡಿಮೆ ಒಂದೇ.

ಬಿಗಿತವನ್ನು ನಿರ್ಧರಿಸುವುದು ಕೊಳವೆಯ ಅಳತೆ. 2 ಮಿಲಿಮೀಟರ್ ದಪ್ಪದ ಗೋಡೆಯ 30 ಮಿಲಿಮೀಟರ್ ಕೊಳವೆಯ ಬದಲು ಅಷ್ಟೇ ದಪ್ಪದ ಗೋಡೆಯ 32 ಮಿಲಿಮೀಟರ್ ಕೊಳವೆ ಹಾಕಿದರೆ, ತಿರುಚುವಿಕೆಗೆ ಅದು ಒಡ್ಡುವ ಪ್ರತಿರೋಧ ಸುಮಾರು ಶೇ. 23ರಷ್ಟು ಏರುತ್ತದೆ. ಕಣ್ಣಿಗೆ ಕಾಣದ ಎರಡು ಮಿಲಿಮೀಟರ್, ಗಾಡಿಯ ಸ್ವಭಾವವೇ ಬೇರೆ. ಕಾರ್ಟ್ ತಯಾರಕರು ಈ ಎರಡು ಅಳತೆಗಳನ್ನು ಒಂದೇ ಚೌಕಟ್ಟಿನಲ್ಲಿ ಬೆರೆಸುವುದೂ ಉಂಟು: ಎಲ್ಲಿ ಹಿಡಿಯಬೇಕೋ ಅಲ್ಲಿ ದಪ್ಪ, ಎಲ್ಲಿ ಬಿಡಬೇಕೋ ಅಲ್ಲಿ ತೆಳು. ಬಗ್ಗುವುದನ್ನೇ ನಿಲ್ಲಿಸಲು ಅಡ್ಡಡ್ಡ ಕೊಳವೆ ಬೆಸೆಯುತ್ತ ಹೋದವರು ಗಾಡಿಯ ಸಸ್ಪೆನ್ಷನ್ನನ್ನೇ ತೆಗೆದುಹಾಕುತ್ತಿರುತ್ತಾರೆ. ಬಗ್ಗಬೇಕಾದ ಬಲ ಆಗ ಬೆಸುಗೆಗಳಿಗೆ ಹೋಗಿ ಅಲ್ಲಿ ಬಿರುಕಾಗುತ್ತದೆ.

ನಮ್ಮ ಟ್ರ್ಯಾಕುಗಳಲ್ಲಿ

ಭಾರತದ ನಗರಗಳಲ್ಲಿ ಕಾರ್ಟ್ ಹತ್ತಿದವರಲ್ಲಿ ಹೆಚ್ಚಿನವರು ಕೂತಿರುವುದು ಬಾಡಿಗೆ ಕಾರ್ಟಿನಲ್ಲಿ. ಅದು ನೀರಿನ ಪಂಪು, ಜನರೇಟರುಗಳಲ್ಲಿ ಕಾಣುವಂಥ ಫೋರ್-ಸ್ಟ್ರೋಕ್ ಎಂಜಿನ್ನಿನ, ಸುತ್ತಲೂ ಗುದ್ದು ತಡೆಯುವ ಬೇಲಿ ಇರುವ ಭಾರದ ಗಾಡಿ. ಅದರ ಪಕ್ಕದಲ್ಲಿ ರೇಸ್ ಕಾರ್ಟ್ ಇಟ್ಟರೆ ಅಸ್ಥಿಪಂಜರದಂತೆ ಕಾಣುತ್ತದೆ. ಬೆಂಗಳೂರಿನ ಕಾರ್ಟೋಪಿಯಾ, ಕೊಲ್ಹಾಪುರದ ಮೋಹಿತೆ ಟ್ರ್ಯಾಕ್, ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗಳಲ್ಲಿ ಎರಡನೆಯ ಜಾತಿಯನ್ನು ನೋಡಬಹುದು. ರಾಷ್ಟ್ರೀಯ ಮಟ್ಟದ ಸ್ಪರ್ಧೆಗಳಲ್ಲಿ ಬಳಕೆಗೆ ಬಂದ ಆಸ್ಟ್ರಿಯದ ರೋಟಾಕ್ಸ್ ಮ್ಯಾಕ್ಸ್ 1997ರಲ್ಲಿ ಹೊರಬಂದ 125 ಸಿಸಿ ಎಂಜಿನ್. ಅದನ್ನು ಯಾರೂ ಬಿಚ್ಚಿ ತಿದ್ದದಂತೆ ಮುದ್ರೆ ಹಾಕಿರುತ್ತಾರೆ. ಎಲ್ಲರ ಎಂಜಿನ್ನೂ ಒಂದೇ ಆದಾಗ ಗೆಲುವು-ಸೋಲಿನ ವ್ಯತ್ಯಾಸ ಉಳಿಯುವುದು ಚಾಲಕನಲ್ಲಿ ಮತ್ತು ಚೌಕಟ್ಟಿನಲ್ಲಿ.

ಇನ್ನೊಂದು ಕಡೆ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕಾರ್ಟ್ ಕಟ್ಟುತ್ತಾರೆ. ಮೋಟರ್‌ಸೈಕಲ್ಲಿನ ಎಂಜಿನ್, ಕಾಲೇಜಿನ ವರ್ಕ್‌ಶಾಪಿನಲ್ಲಿ ಬೆಸೆದ ಚೌಕಟ್ಟು, ರಾತ್ರಿಯೆಲ್ಲ ಕೆಲಸ. ರೋಸ್ ಬೌಲ್ ಬಯಲಿನ ಹುಮ್ಮಸ್ಸು ಇವತ್ತಿಗೂ ಬದುಕಿರುವುದು ಇಂಥ ಕಡೆಗಳಲ್ಲಿ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕ ಎಂಜಿನ್ನಿನಿಂದ ಯೋಜನೆ ಶುರುವಾಗಿ, ಚೌಕಟ್ಟು ಅದರ ಹಿಂದೆ ಓಡುವ ಹಳೆಯ ತಪ್ಪೂ ಮರುಕಳಿಸುವುದು ಅಲ್ಲೇ. ಹೋಂಡಾದ ಜಿಎಕ್ಸ್390ರಂಥ 389 ಸಿಸಿ ಎಂಜಿನ್ ಒಂದೇ 31 ಕಿಲೋ ತೂಗುತ್ತದೆ. ಅದನ್ನು ಹಳೆಯ 100 ಸಿಸಿ ರೇಸ್ ಚೌಕಟ್ಟಿನ ಬಲಪಕ್ಕಕ್ಕೆ ಬಿಗಿದರೆ, ಆ ಚೌಕಟ್ಟು ಯಾವ ಲೆಕ್ಕದ ಮೇಲೆ ಹುಟ್ಟಿತ್ತೋ ಆ ಲೆಕ್ಕವೆಲ್ಲ ಕೆಡುತ್ತದೆ. ಎಂಜಿನ್ ಕೂರುತ್ತದೆ, ಗಾಡಿ ಓಡುತ್ತದೆ, ನೇರ ದಾರಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ತಿರುವು ಬರುವವರೆಗೆ.

ಎಪ್ಪತ್ತು ವರ್ಷಗಳ ಅನುಭವವನ್ನು ಒಟ್ಟುಗೂಡಿಸಿದರೆ ದೊಡ್ಡ ಎಂಜಿನ್ ಕೈಲಿ ಹಿಡಿದವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಹೆಚ್ಚೇನಿಲ್ಲ. ಈ ಚೌಕಟ್ಟು ಮೊದಲು ಯಾವ ಎಂಜಿನ್ನಿಗೆಂದು ಕಟ್ಟಿದ್ದು? ಹೊಸ ತೂಕ ಎರಡು ಅಚ್ಚುಗಳ ನಡುವೆ ಬೀಳುತ್ತದೆಯೇ, ಹೊರಗೆ ನೇತಾಡುತ್ತದೆಯೇ? ಆಸನವನ್ನು ಸರಿಸಿ ತೂಕ ಸರಿದೂಗಿಸಲು ಜಾಗವಿದೆಯೇ? ಅಚ್ಚನ್ನು ಎಷ್ಟು ಬೇರಿಂಗ್ ಹಿಡಿದಿವೆ? ಮುಂಚಕ್ರಗಳಿಗೆ ಬ್ರೇಕು ಹಿಡಿಯುವ ಏರ್ಪಾಟು ಇದೆಯೇ? ಉತ್ತರಗಳು ಹೊಂದದಿದ್ದರೆ ಹಳೆಯ ಚೌಕಟ್ಟಿಗೆ ತೇಪೆ ಹಾಕುವುದಕ್ಕಿಂತ, ಅಷ್ಟೇ ಬಲದ ಎಂಜಿನ್ನಿಗೆ ಕಟ್ಟಿದ ಚೌಕಟ್ಟನ್ನು ಹುಡುಕುವುದು ಲೇಸು. ಅದೂ ಸಿಗದಿದ್ದರೆ ಎಂಜಿನ್ನನ್ನೇ ಚಿಕ್ಕದು ಮಾಡಿಕೊಳ್ಳುವುದರಲ್ಲಿ ಅವಮಾನವಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಮೆಕ್ಯಾನಿಕ್ಕಿನ ಮಾತೂ ಹೌದು.

ಇಂಡಿಯಾನಾಪೊಲಿಸ್ ಗೆಲ್ಲುವ ಕಾರುಗಳನ್ನು ಹಗಲಲ್ಲಿ ಕಟ್ಟುತ್ತಿದ್ದ ಇಂಗೆಲ್ಸ್‌ಗೆ ದೊಡ್ಡ ಎಂಜಿನ್ ಎಂದರೇನು ಎಂದು ಗೊತ್ತಿರಲಿಲ್ಲ ಎಂದಲ್ಲ. ನೂರಾರು ಅಶ್ವಶಕ್ತಿಯ ಎಂಜಿನ್‌ಗಳು ಅವನ ಕಣ್ಣೆದುರೇ ಚೌಕಟ್ಟಿಗೆ ಇಳಿಯುತ್ತಿದ್ದವು. ಸಂಜೆ ತನಗೆಂದು ಗಾಡಿ ಮಾಡಿಕೊಳ್ಳುವಾಗ ಅವನು ಎರಡೂವರೆ ಅಶ್ವಶಕ್ತಿಯ ಎಂಜಿನ್ ಇಟ್ಟ. ಅದರ ಸುತ್ತ ಕಟ್ಟಿದ ಚೌಕಟ್ಟು ಆ ಎಂಜಿನ್ನಿಗೂ ಅವನ ಮೈಗೂ ಸರಿಹೊಂದಿತು. ಗಾಡಿ ಓಡಿತು, ತಿರುಗಿತು, ನಿಂತಿತು. ನೋಡಿದವರೆಲ್ಲರಿಗೂ ಅಂಥದೊಂದು ಬೇಕೆನಿಸಿದ್ದು ಅದಕ್ಕೇ.